ಚಾಂಪಿಯನ್‌ಗೆ ಕೆಲಸವಿರಲಿಲ್ಲ

1998ರಲ್ಲಿ ಹದಿನೇಳು ವರ್ಷದ ಜಪಾನಿ ಹುಡುಗನೊಬ್ಬ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ, ‘ಸ್ಟ್ರೀಟ್ ಫೈಟರ್ ಆಲ್ಫಾ 3’ ಎಂಬ ವಿಡಿಯೋ ಗೇಮಿನಲ್ಲಿ ಅಮೆರಿಕದ ಚಾಂಪಿಯನ್ ಅಲೆಕ್ಸ್ ವಾಲೆಯನ್ನು ಸೋಲಿಸಿ ವಿಶ್ವ ಚಾಂಪಿಯನ್ ಎನಿಸಿಕೊಂಡ. ಅವನ ಹೆಸರು ಡೈಗೋ ಉಮೆಹಾರಾ. ಟೆನಿಸ್ಸಿನಲ್ಲೋ ಚೆಸ್‌ನಲ್ಲೋ ಆ ವಯಸ್ಸಿಗೆ ಅಂಥ ಪಟ್ಟ ಸಿಕ್ಕಿದ್ದರೆ ತರಬೇತುದಾರರು, ಪ್ರಾಯೋಜಕರು, ಪತ್ರಿಕೆಯವರು ಮನೆ ಹುಡುಕಿಕೊಂಡು ಬರುತ್ತಿದ್ದರು. ಡೈಗೋ ಮನೆಗೆ ಯಾರೂ ಬರಲಿಲ್ಲ. ಸಂಬಳವಿಲ್ಲ, ಸಂಘವಿಲ್ಲ, ಮುಂದಿನ ವರ್ಷ ಇಂಥ ಟೂರ್ನಿ ಇರುತ್ತದೆಂಬ ಖಾತರಿಯೂ ಇಲ್ಲ. ಅವರು ಈ ವಿದ್ಯೆಯಿಂದಲೇ ಅನ್ನ ದುಡಿಯುವ ವೃತ್ತಿಪರ ಆಟಗಾರ ಎನಿಸಿಕೊಂಡದ್ದು 2010ರಲ್ಲಿ. ನಡುವೆ ಹನ್ನೆರಡು ವರ್ಷ ಕಳೆದಿದ್ದವು. ಆ ಹನ್ನೆರಡು ವರ್ಷಗಳನ್ನು ಬಿಟ್ಟು ಡೈಗೋ ಕಥೆ ಹೇಳಿದರೆ ಅರ್ಧ ಕಥೆ ಮಾತ್ರ ಹೇಳಿದಂತೆ. ಸಾಮಾನ್ಯವಾಗಿ ಆ ಅರ್ಧವನ್ನೇ ಎಲ್ಲರೂ ಹೇಳುತ್ತಾರೆ.

ಆಟದ ಪರಿಚಯ ಇಲ್ಲದವರಿಗಾಗಿ ಅದರ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೈಟಿಂಗ್ ಗೇಮಿನಲ್ಲಿ ಇಬ್ಬರು ಹೋರಾಟಗಾರರು ಪರದೆಯ ಮೇಲೆ ಎದುರುಬದುರು ನಿಲ್ಲುತ್ತಾರೆ. ಒಬ್ಬೊಬ್ಬರಿಗೂ ಒಂದು ಜೀವಪಟ್ಟಿ. ಏಟು ಬಿದ್ದಂತೆಲ್ಲ ಅದು ಸವೆಯುತ್ತದೆ. ಮೊದಲು ಬರಿದಾದವನು ಆ ಸುತ್ತು ಸೋತ. ಆಟಗಾರನ ಎಡಗೈಯಲ್ಲಿ ಜಾಯ್‌ಸ್ಟಿಕ್, ಬಲಗೈಯಡಿ ಆರು ಬಟನ್. ಮೂರು ಗುದ್ದಿಗೆ, ಮೂರು ಒದೆತಕ್ಕೆ. ಕಡ್ಡಿಯನ್ನು ಕೆಳಗಿನಿಂದ ಮುಂದಕ್ಕೆ ಕಾಲು ವೃತ್ತದಷ್ಟು ಹೊರಳಿಸಿ ಗುದ್ದಿನ ಬಟನ್ ಒತ್ತಿದರೆ ರ್ಯೂ ಎಂಬ ಪಾತ್ರದ ಅಂಗೈಗಳಿಂದ ‘ಹಡೋಕೆನ್’ ಎಂಬ ಶಕ್ತಿಯ ಉಂಡೆ ಚಿಮ್ಮುತ್ತದೆ. ಇಷ್ಟನ್ನು ಯಾವ ಮಗುವಾದರೂ ಒಂದು ಮಧ್ಯಾಹ್ನದಲ್ಲಿ ಕಲಿತೀತು. ಕಷ್ಟ ಇರುವುದು ಬೇರೆ ಕಡೆ. ಹೊಡೆಯಲು ಬಂದರೆ ತಡೆಯಬಹುದು; ಸುಮ್ಮನೆ ತಡೆದುಕೊಂಡು ಕೂತವನನ್ನು ಹಿಡಿದು ಎಸೆಯಬಹುದು; ಹಿಡಿಯಲು ಬಂದವನಿಗೆ ಮೊದಲೇ ಏಟು ಕೊಡಬಹುದು. ಹೀಗೆ ಪ್ರತಿ ನಡೆಗೂ ಒಂದು ಮದ್ದಿದೆ, ಆ ಮದ್ದಿಗೂ ಇನ್ನೊಂದು ಮದ್ದಿದೆ.

ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಅದರ ಒಂದೊಂದು ಚಿತ್ರಕ್ಕೂ ‘ಫ್ರೇಮ್’ ಎಂದು ಹೆಸರು. ಆಟಗಾರರ ಲೆಕ್ಕಾಚಾರವೆಲ್ಲ ಫ್ರೇಮ್‌ಗಳಲ್ಲೇ ನಡೆಯುತ್ತದೆ. ಚುರುಕಾದ ಒಂದು ಪುಟ್ಟ ಗುದ್ದು ಮೂರು-ನಾಲ್ಕು ಫ್ರೇಮಿನಲ್ಲಿ ತಗಲುತ್ತದೆ. ಮನುಷ್ಯನ ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಹನ್ನೆರಡು ಫ್ರೇಮಿಗಿಂತ ಹೆಚ್ಚೇ ಬೇಕು. ಅಂದರೆ ಅಂಥ ಗುದ್ದನ್ನು ನೋಡಿ ತಡೆಯಲು ಯಾರಿಂದಲೂ ಸಾಧ್ಯವಿಲ್ಲ. ಅದು ಬರುವ ಮುನ್ನವೇ ಬರುತ್ತದೆಂದು ತಿಳಿದಿರಬೇಕು. ಹಾಗಾಗಿ ಈ ಆಟದ ಜೀವಾಳ ಬೆರಳಿನ ವೇಗದಲ್ಲಿಲ್ಲ, ಎದುರಾಳಿಯ ಮನಸ್ಸನ್ನು ಓದುವುದರಲ್ಲಿದೆ. ಜಪಾನಿನ ಆಟಗಾರರು ಇದಕ್ಕೆ ‘ಯೋಮಿ’ ಅನ್ನುತ್ತಾರೆ. ನಮ್ಮ ತಾಳಮದ್ದಳೆಯಲ್ಲಿ ಪಳಗಿದ ಅರ್ಥಧಾರಿ, ಎದುರಿನವ ಬಾಯಿ ತೆರೆಯುವ ಮೊದಲೇ ಅವನ ವಾದ ಯಾವ ದಾರಿ ಹಿಡಿಯಲಿದೆ ಎಂದು ಅಂದಾಜು ಮಾಡಿ, ಆ ದಾರಿಯಲ್ಲೇ ಒಂದು ಪ್ರಶ್ನೆಯನ್ನು ಇಟ್ಟು ಕಾಯುತ್ತಾನಲ್ಲ, ಇದೂ ಆ ಜಾತಿಯ ವಿದ್ಯೆ. ಪ್ರಸಂಗ ಇಬ್ಬರಿಗೂ ಗೊತ್ತು, ಗೊತ್ತಿಲ್ಲದ್ದು ಎದುರಿನವನ ಮುಂದಿನ ಮಾತು ಮಾತ್ರ.

ಡೈಗೋ ಹುಟ್ಟಿದ್ದು 1981ರಲ್ಲಿ, ಜಪಾನಿನ ಉತ್ತರದ ಆವೊಮೊರಿ ಪ್ರಾಂತ್ಯದಲ್ಲಿ. ಬೆಳೆದದ್ದು ಟೋಕಿಯೋದಲ್ಲಿ. ಕ್ಯಾಪ್ಕಾಂ ಕಂಪನಿ ‘ಸ್ಟ್ರೀಟ್ ಫೈಟರ್ 2’ ಆಟವನ್ನು ಹೊರತಂದ 1991ರಲ್ಲಿ ಅವರಿಗೆ ಹತ್ತು ವರ್ಷ. ಆ ಪೀಳಿಗೆಯ ಜಪಾನಿ ಆಟಗಾರರೆಲ್ಲ ಅರಳಿದ್ದು ‘ಗೇಮ್ ಸೆಂಟರ್’ಗಳಲ್ಲಿ. ನೂರು ಯೆನ್ ನಾಣ್ಯ ಹಾಕಬೇಕು, ಗೆದ್ದವನು ಕೂತೇ ಇರುತ್ತಾನೆ, ಸೋತವನು ಮತ್ತೆ ಆಡಬೇಕಾದರೆ ಮತ್ತೊಂದು ನಾಣ್ಯ. ಜೇಬಿನಲ್ಲಿ ಕಾಸು ಕಡಿಮೆ ಇರುವ ಹುಡುಗನಿಗೆ ಇದಕ್ಕಿಂತ ಕಟುವಾದ, ಇದಕ್ಕಿಂತ ನ್ಯಾಯವಾದ ಗುರು ಸಿಗಲಿಕ್ಕಿಲ್ಲ. ಅಲ್ಲಿನ ಯಂತ್ರಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ ಇಡುತ್ತಿದ್ದರು. ಎದುರಾಳಿ ಆಚೆ ಬದಿಯಲ್ಲಿ. ಅವನ ಮುಖ ಕಾಣದು, ಕೈ ಕಾಣದು. ಅವನು ಧೈರ್ಯದಲ್ಲಿದ್ದಾನೋ ಗಾಬರಿಯಲ್ಲಿದ್ದಾನೋ ಎಂಬುದನ್ನು ಪರದೆಯ ಮೇಲಿನ ಬೊಂಬೆಯ ನಡಿಗೆಯಿಂದಲೇ ತಿಳಿಯಬೇಕು. ಡೈಗೋ ಅವರ ಓದು ಮೊನಚಾದದ್ದು ಇಂಥ ಕಡೆ ಎಂದೇ ನನ್ನ ನಂಬಿಕೆ.

ಅಮೆರಿಕದಲ್ಲಿ ಇದೇ ಕಾಲಕ್ಕೆ ಇನ್ನೊಂದು ಬಗೆಯ ಪರಂಪರೆ ಬೆಳೆಯುತ್ತಿತ್ತು. 1996ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಆಸಕ್ತರು ತಾವೇ ಸೇರಿ ನಡೆಸಿದ ಒಂದು ಚಿಕ್ಕ ಟೂರ್ನಿ, 2002ರಲ್ಲಿ ‘ಎವಲ್ಯೂಷನ್’ ಎಂಬ ಹೆಸರು ಪಡೆದು, ಎಲ್ಲರ ಬಾಯಲ್ಲಿ ‘ಈವೋ’ ಆಯಿತು. ಪ್ರವೇಶ ಶುಲ್ಕ ಕಟ್ಟಿದ ಯಾರು ಬೇಕಾದರೂ ಅಲ್ಲಿ ಆಡಬಹುದು; ಬಹುಮಾನದ ಹಣವೂ ಮುಖ್ಯವಾಗಿ ಆ ಶುಲ್ಕದಿಂದಲೇ ಹೊಂದಿಸಿದ್ದು. ಇಂದಿಗೂ ಈವೋದಲ್ಲಿ ಹೆಸರಿಲ್ಲದ ಹುಡುಗ ಮೊದಲ ಸುತ್ತಿನಲ್ಲೇ ಹಾಲಿ ಚಾಂಪಿಯನ್ ಎದುರು ಕೂರಬಹುದು. ಬೇರೆ ಇ-ಸ್ಪೋರ್ಟ್ಸ್ ಆಟಗಳು ಕಂಪನಿಗಳ ಹಣದಿಂದ, ಆಹ್ವಾನಿತ ತಂಡಗಳಿಂದ ಬೆಳೆದವು. ಫೈಟಿಂಗ್ ಗೇಮನ್ನು ಆಟಗಾರರೇ ಕೈಯಿಂದ ಕಟ್ಟಿದರು. ಹಣ ತಡವಾಗಿ ಬಂದದ್ದಕ್ಕೂ ಇದೇ ಒಂದು ಕಾರಣ.

ಡೈಗೋ ಹೆಸರನ್ನು ಜಗತ್ತಿಗೆ ಮುಟ್ಟಿಸಿದ್ದು 2004ರ ಈವೋ. ಸ್ಥಳ ಕ್ಯಾಲಿಫೋರ್ನಿಯಾದ ಪೊಮೋನಾ, ಆಟ ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’. ಎದುರಾಳಿ ನ್ಯೂಯಾರ್ಕಿನ ಜಸ್ಟಿನ್ ವಾಂಗ್, ತಾಳ್ಮೆಯಿಂದ ಕಾದು ಕಾದು ಎದುರಾಳಿಯ ತಪ್ಪಿಗೆ ಹೊಂಚು ಹಾಕುವ ಚತುರ. ಡೈಗೋ ಅವರ ಪಾತ್ರ ಕೆನ್, ವಾಂಗ್ ಅವರದು ಚುನ್-ಲಿ. ಕೆನ್‌ನ ಜೀವಪಟ್ಟಿಯಲ್ಲಿ ಉಳಿದದ್ದು ಒಂದು ಗೆರೆಯಷ್ಟು. ಈ ಆಟದಲ್ಲಿ ವಿಶೇಷ ಹೊಡೆತಗಳನ್ನು ತಡೆದರೂ ಒಂದಿಷ್ಟು ಜೀವ ಸವೆಯುತ್ತದೆ. ಆದ್ದರಿಂದ ಚುನ್-ಲಿ ತನ್ನ ಮಹಾಹೊಡೆತವನ್ನು ಬಿಟ್ಟರೆ ಸಾಕು, ಡೈಗೋ ತಡೆದರೂ ಸತ್ತ ಹಾಗೆ, ತಡೆಯದಿದ್ದರೂ ಸತ್ತ ಹಾಗೆ. ಆ ಹೊಡೆತದಲ್ಲಿ ಹದಿನೈದು ಒದೆತಗಳಿವೆ.

ಉಳಿದದ್ದು ಒಂದೇ ದಾರಿ, ‘ಪ್ಯಾರಿ’. ಏಟು ತಗಲುವ ಕ್ಷಣಕ್ಕೆ ಸರಿಯಾಗಿ, ಹಿಂದೆ ಸರಿಯುವ ಬದಲು ಕಡ್ಡಿಯನ್ನು ಶತ್ರುವಿನ ಕಡೆಗೇ ತಳ್ಳಬೇಕು. ಹೊತ್ತು ಸರಿಹೋದರೆ ಕೂದಲೂ ಕೊಂಕುವುದಿಲ್ಲ. ತಪ್ಪಿದರೆ ಏಟು ನೇರ ಎದೆಗೆ, ಏಕೆಂದರೆ ಮುಂದೆ ತಳ್ಳಿದಾಗ ತಡೆಯೂ ಇಲ್ಲ. ಅದಕ್ಕೆ ಸಿಗುವ ಅವಕಾಶ ಹೆಚ್ಚೆಂದರೆ ಸೆಕೆಂಡಿನ ಆರನೇ ಒಂದು ಭಾಗ. ಮೊದಲ ಒದೆತಕ್ಕಂತೂ ನೋಡಿ ತಳ್ಳುವಷ್ಟು ಸಮಯವೇ ಇಲ್ಲ, ವಾಂಗ್ ಈಗ ಬಿಡುತ್ತಾರೆಂದು ಊಹಿಸಿಯೇ ತಳ್ಳಬೇಕು. ಡೈಗೋ ಊಹಿಸಿದರು. ಒಂದಾದ ಮೇಲೊಂದರಂತೆ ಹದಿನೈದನ್ನೂ ಪ್ಯಾರಿ ಮಾಡಿದರು. ಕೊನೆಯದನ್ನು ನೆಲದ ಮೇಲೆ ಮಾಡಲಿಲ್ಲ. ಮೇಲಕ್ಕೆ ಹಾರಿ ಗಾಳಿಯಲ್ಲಿ ಮಾಡಿದರು, ಇಳಿಯುತ್ತಲೇ ಸಿಗುವ ಪ್ರತಿದಾಳಿ ಇನ್ನಷ್ಟು ದೊಡ್ಡದಾಗಲಿ ಎಂದು. ಅಲ್ಲಿಂದ ಬಿಟ್ಟ ಹೊಡೆತದ ಸರಣಿಗೆ ಚುನ್-ಲಿ ಉರುಳಿದಳು. ಸಭಾಂಗಣ ಎದ್ದು ನಿಂತು ಕೂಗಿತು. ಯೂಟ್ಯೂಬ್ ಇನ್ನೂ ಹುಟ್ಟಿರದ ಕಾಲದಲ್ಲೂ ಆ ಚಿತ್ರೀಕರಣ ಕೈಯಿಂದ ಕೈಗೆ ದಾಟಿ ಜಗತ್ತು ಸುತ್ತಿತು. ಆ ಕೊನೆಯ ಜಿಗಿತವನ್ನೇ ನಾನು ಮತ್ತೆ ಮತ್ತೆ ನೋಡಿದ್ದೇನೆ. ಸಾವಿನ ಅಂಚಿನಲ್ಲಿದ್ದಾಗಲೂ ಬದುಕಿದ ಮೇಲೆ ಮಾಡಬೇಕಾದ್ದನ್ನು ಲೆಕ್ಕಹಾಕಿದ ತಲೆ ಅದು.

ಇಷ್ಟರ ನಂತರವೂ ಡೈಗೋ ಆ ಟೂರ್ನಿ ಗೆಲ್ಲಲಿಲ್ಲ. ಆ ಪಂದ್ಯ ನಡೆದದ್ದು ಒಂದು ಸಲ ಸೋತವರ ವಿಭಾಗದ ಫೈನಲ್‌ನಲ್ಲಿ. ಅಲ್ಲಿ ಗೆದ್ದು ಮಹಾಫೈನಲ್‌ಗೆ ಹೋದ ಅವರು ತಮ್ಮದೇ ದೇಶದ ಕೆಂಜಿ ಒಬಾಟಾಗೆ ಸೋತರು. ಫೈಟಿಂಗ್ ಗೇಮಿನ ಚರಿತ್ರೆಯಲ್ಲೇ ಹೆಚ್ಚು ಜನ ನೋಡಿದ ಗೆಲುವು, ಎರಡನೆಯ ಸ್ಥಾನ ಪಡೆದವನದ್ದು.

ಅದಾದ ಮೇಲೆ ಡೈಗೋ ಆಟ ಬಿಟ್ಟರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಜಪಾನಿನಲ್ಲಿ ಆಗ ಗೇಮ್ ಸೆಂಟರಿನ ಹುಡುಗರಿಗೆ ಇದ್ದ ಮರ್ಯಾದೆ ನಮ್ಮಲ್ಲಿ ಇಸ್ಪೀಟು ಅಡ್ಡೆಯ ಹುಡುಗರಿಗಿಂತ ಹೆಚ್ಚೇನಲ್ಲ. ಓರಗೆಯವರು ಓದು ಮುಗಿಸಿ ಕೆಲಸ ಹಿಡಿದಿದ್ದರು. ಈ ವಿದ್ಯೆಯಲ್ಲಿ ಜಗತ್ತಿಗೇ ಮೊದಲಿಗನಾಗಿದ್ದರೂ ತಿಂಗಳ ಕೊನೆಗೆ ಅದರಿಂದ ಬಾಡಿಗೆ ಕಟ್ಟಲಾಗುತ್ತಿರಲಿಲ್ಲ. ಅವರು ಮಾಜಾಂಗ್ ಎಂಬ ಆಟಕ್ಕೆ ತಿರುಗಿದರು. ಜಪಾನಿನಲ್ಲಿ ಆ ಆಟಕ್ಕೆ ವೃತ್ತಿಪರ ಆಟಗಾರರಿದ್ದರು. ಸುಮಾರು ಮೂರು ವರ್ಷ ಅದನ್ನು ಅಭ್ಯಾಸ ಮಾಡಿ ಬಹಳ ಮೇಲಿನ ಮಟ್ಟಕ್ಕೆ ಮುಟ್ಟಿದರು, ಆಮೇಲೆ ಅದನ್ನೂ ಬಿಟ್ಟರು. ತಂದೆ-ತಾಯಿ ಇದ್ದದ್ದು ವೈದ್ಯಕೀಯ ಕ್ಷೇತ್ರದಲ್ಲಿ. ಅದೇ ಹಾದಿಯಲ್ಲಿ ಡೈಗೋ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದರು.

ಅವರ ಬದುಕಿನ ಈ ಭಾಗವನ್ನು ವೃತ್ತಾಂತಕಾರರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಇದೇ ದೊಡ್ಡದು. ಹತ್ತು ವರ್ಷದಿಂದ ಪ್ರತಿ ಸಂಜೆ ಯಾರನ್ನೋ ಸೋಲಿಸುವುದೇ ಬದುಕಾಗಿದ್ದವನು, ಸೋಲು-ಗೆಲುವಿನ ಮಾತೇ ಇಲ್ಲದ ಜಾಗದಲ್ಲಿ ಮುದುಕರ ಕೈ ಹಿಡಿದು ನಡೆಸಿದ. ಆ ಕೆಲಸದಲ್ಲಿ ಅವರಿಗೆ ನೆಮ್ಮದಿಯೂ ಸಿಕ್ಕಿತು. ಹಾಗೆ ಉಳಿದಿದ್ದರೂ ಅದು ಒಳ್ಳೆಯ ಬದುಕೇ ಆಗುತ್ತಿತ್ತು. ಆಟದ ಲೋಕ ತನ್ನ ಅತ್ಯುತ್ತಮ ಆಟಗಾರನನ್ನು ಕಳೆದುಕೊಂಡದ್ದು ಅವನ ಸೋಮಾರಿತನದಿಂದಲ್ಲ. ಅವನನ್ನು ಉಳಿಸಿಕೊಳ್ಳುವ ಯಾವ ವ್ಯವಸ್ಥೆಯೂ ಅದರಲ್ಲಿ ಇರಲಿಲ್ಲ. ನಮ್ಮ ಎಷ್ಟೋ ಕುಸ್ತಿ ಪೈಲ್ವಾನರು, ಕಬಡ್ಡಿ ಹುಡುಗರು ಹೀಗೆಯೇ ಕಳೆದುಹೋದದ್ದನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

2008ರಲ್ಲಿ ‘ಸ್ಟ್ರೀಟ್ ಫೈಟರ್ 4’ ಗೇಮ್ ಸೆಂಟರ್‌ಗಳಿಗೆ ಬಂತು. ಗೆಳೆಯರ ಒತ್ತಾಯಕ್ಕೆ ಡೈಗೋ ಮತ್ತೆ ಕಡ್ಡಿ ಹಿಡಿದರು. ಕೈ ಮರೆತಿರಲಿಲ್ಲ. 2009ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಜುಲೈನಲ್ಲಿ ಲಾಸ್ ವೇಗಸ್‌ನ ಈವೋ ಫೈನಲ್‌ನಲ್ಲಿ ಜಸ್ಟಿನ್ ವಾಂಗ್ ಅವರನ್ನೇ ಸೋಲಿಸಿದರು. ಮರುವರ್ಷವೂ ಈವೋ ಗೆದ್ದರು. 2010ರಲ್ಲಿ ಜಾಯ್‌ಸ್ಟಿಕ್ ತಯಾರಿಸುವ ಅಮೆರಿಕದ ಮ್ಯಾಡ್ ಕ್ಯಾಟ್ಜ್ ಕಂಪನಿ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಜಪಾನಿನ ಮೊದಲ ವೃತ್ತಿಪರ ಗೇಮರ್ ಎಂದು ಅವರ ಹೆಸರು ದಾಖಲಾಯಿತು. ಅದೇ ವರ್ಷ ಗಿನ್ನೆಸ್ ದಾಖಲೆಯ ಪುಸ್ತಕವೂ ಅವರನ್ನು ಸೇರಿಸಿಕೊಂಡಿತು.

ಈ ವೃತ್ತಿಯಲ್ಲಿ ಹಣ ಎಲ್ಲಿಂದ ಬರುತ್ತದೆ? ಟೂರ್ನಿಯ ಬಹುಮಾನದಿಂದ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಬಹುಮಾನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದನ್ನು ನಂಬಿ ಮನೆ ನಡೆಯುವುದಿಲ್ಲ. ಪ್ರಾಯೋಜಕರ ಸಂಬಳ, ಪ್ರಯಾಣದ ಖರ್ಚು, ತಂಡದ ಲೀಗುಗಳ ಒಪ್ಪಂದ, ಜಾಹೀರಾತು, ಅಭ್ಯಾಸವನ್ನು ನೇರಪ್ರಸಾರ ಮಾಡಿ ನೋಡುಗರಿಂದ ಬರುವ ಆದಾಯ, ಹೀಗೆ ನಾಲ್ಕಾರು ಕಡೆಯಿಂದ ಕೂಡಿಸಬೇಕು. ಅದೂ ಭದ್ರವಲ್ಲ. ಡೈಗೋ ಅವರನ್ನು ಮೊದಲು ಗುರುತಿಸಿದ ಮ್ಯಾಡ್ ಕ್ಯಾಟ್ಜ್ ಕಂಪನಿಯೇ 2017ರಲ್ಲಿ ದಿವಾಳಿಯಾಯಿತು. ಈಚೆಗೆ ದೊಡ್ಡ ಬಹುಮಾನಗಳೂ ಬಂದಿವೆ, ನಿಜ. 2024ರಲ್ಲಿ ಕ್ಯಾಪ್ಕಾಂ ಕಪ್ ಗೆದ್ದ ತೈವಾನಿನ ಉಮಾಗೆ ಹತ್ತು ಲಕ್ಷ ಡಾಲರ್ ಸಿಕ್ಕಿತು. ಆದರೆ ಅದು ವರ್ಷಕ್ಕೆ ಒಬ್ಬನಿಗೆ.

ಜಪಾನಿನ ಕಾನೂನು ಇನ್ನೊಂದು ಅಡ್ಡಿ. ಸರಕು ಮಾರುವ ಕಂಪನಿ ಗಿರಾಕಿಗಳಿಗೆ ಕೊಡುವ ಬಹುಮಾನಕ್ಕೆ ಅಲ್ಲಿ ಮಿತಿಯಿದೆ. ಇದರಿಂದ ಪಾರಾಗಲು 2018ರಲ್ಲಿ ಆಟಗಾರರಿಗೆ ವೃತ್ತಿಪರ ಪರವಾನಗಿ ಕೊಡುವ ಒಕ್ಕೂಟವೊಂದು ಹುಟ್ಟಿತು. ಮೋಮೋಚಿ ಎಂಬ ಆಟಗಾರ, 2015ರ ಈವೋ ಚಾಂಪಿಯನ್, ಈ ಪರವಾನಗಿ ಪದ್ಧತಿಯನ್ನೇ ಒಪ್ಪಲಿಲ್ಲ. 2019ರ ಟೋಕಿಯೋ ಗೇಮ್ ಶೋದ ಟೂರ್ನಿಯಲ್ಲಿ ಮೊದಲ ಸ್ಥಾನಕ್ಕೆ 50 ಲಕ್ಷ ಯೆನ್ ಇತ್ತು. ಮೋಮೋಚಿ ಗೆದ್ದರು. ಪರವಾನಗಿ ಇಲ್ಲದ ಕಾರಣ ಅವರು ಕಾನೂನಿನ ಕಣ್ಣಿಗೆ ಬರಿಯ ಗಿರಾಕಿ, ಆಟದ ಬೆಲೆಯ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಕೊಡುವಂತಿಲ್ಲ. ಕೈಗೆ ಬಂದದ್ದು 60,200 ಯೆನ್.

ಡೈಗೋ ಕಥೆಗೆ ಮರಳೋಣ. 2010ರ ನಂತರ ಅವರು ಈವೋದ ಸ್ಟ್ರೀಟ್ ಫೈಟರ್ ಪಟ್ಟವನ್ನು ಮತ್ತೆ ಗೆಲ್ಲಲಿಲ್ಲ. ಕ್ಯಾಪ್ಕಾಂ ಕಪ್ಪನ್ನು ಒಮ್ಮೆಯೂ ಗೆಲ್ಲಲಿಲ್ಲ. 2015ರಲ್ಲಿ ಅದರ ಫೈನಲ್‌ವರೆಗೆ ಹೋಗಿ ಕಜುನೊಕೊ ಎಂಬ ತಮ್ಮದೇ ದೇಶದವರ ಎದುರು ಸೋತರು. ಎರಡನೆಯ ಸ್ಥಾನಕ್ಕೆ ಸಿಕ್ಕ 60,000 ಡಾಲರನ್ನು ಪೂರ್ತಿಯಾಗಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಗೇಮ್ ವಿನ್ಯಾಸ ಓದುವವರ ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು. ಹಾಗಿದ್ದೂ ಇವತ್ತಿಗೂ ಈ ಆಟದ ದೊಡ್ಡ ಹೆಸರು ಯಾವುದೆಂದು ಆಟಗಾರರನ್ನೇ ಕೇಳಿದರೆ ಬಹಳ ಮಂದಿ ಡೈಗೋ ಎನ್ನುತ್ತಾರೆ. ಹಳೆಯ ವಿಡಿಯೋದ ಬಲ ಮಾತ್ರ ಇದಕ್ಕೆ ಕಾರಣವಲ್ಲ.

ಅವರು 2012ರಲ್ಲಿ ಒಂದು ಪುಸ್ತಕ ಬರೆದರು. ‘ದ ವಿಲ್ ಟು ಕೀಪ್ ವಿನ್ನಿಂಗ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೂ ಬಂದಿದೆ. ಗೆಲ್ಲುವುದೇ ಬೇರೆ, ಗೆಲ್ಲುತ್ತಲೇ ಇರುವುದೇ ಬೇರೆ ಎಂಬುದು ಅದರ ತಿರುಳು. ಒಂದು ಸಲ ಗೆಲ್ಲಲು ಅಡ್ಡದಾರಿಗಳಿವೆ. ಬಲಿಷ್ಠ ಪಾತ್ರ ಆರಿಸಿಕೊಳ್ಳಬಹುದು, ಎದುರಾಳಿಗೆ ಗೊತ್ತಿಲ್ಲದ ಒಂದು ತಂತ್ರವನ್ನು ಬಚ್ಚಿಟ್ಟುಕೊಳ್ಳಬಹುದು. ತಂತ್ರ ಬಯಲಾದ ದಿನ ಅದಕ್ಕೇ ಜೋತುಬಿದ್ದವನು ಬರಿಗೈಯಾಗುತ್ತಾನೆ. ಡೈಗೋ ಹೇಳುವುದು: ಟೂರ್ನಿಯನ್ನು ಗುರಿಯಾಗಿಸಬೇಡಿ, ದಿನದಿನದ ಬೆಳವಣಿಗೆಯನ್ನು ಗುರಿಯಾಗಿಸಿ, ನಿನ್ನೆ ತಿಳಿಯದ ಒಂದು ಚಿಕ್ಕ ಸಂಗತಿ ಇಂದು ತಿಳಿದರೆ ಸಾಕು. ಇಂಥ ಮಾತನ್ನು ಗೆದ್ದವರೆಲ್ಲ ಹೇಳುತ್ತಾರೆ. ಇವರು ಸೋಲುತ್ತಿದ್ದಾಗಲೂ ಹಾಗೆಯೇ ನಡೆದುಕೊಂಡರು, ನಾನು ನಂಬುವುದು ಅದಕ್ಕೆ.

ಒಂದು ಉದಾಹರಣೆ. ಡೈಗೋ ಎಂದರೆ ರ್ಯೂ, ರ್ಯೂ ಎಂದರೆ ಡೈಗೋ ಎಂಬಂಥ ಕಾಲವೊಂದಿತ್ತು. ‘ಸ್ಟ್ರೀಟ್ ಫೈಟರ್ 5’ರಲ್ಲಿ ರ್ಯೂ ದುರ್ಬಲನಾದಾಗ, 2017ರಲ್ಲಿ ಅವರು ಆ ಪಾತ್ರವನ್ನು ಬಿಟ್ಟು ಗೈಲ್ ಎಂಬ ಪೂರಾ ಬೇರೆ ಸ್ವಭಾವದ ಪಾತ್ರ ಹಿಡಿದರು. ಮೂವತ್ತೈದು ದಾಟಿದ ಮೇಲೆ ಶೈಲಿಯನ್ನೇ ಬದಲಿಸಿ ಹೊಸಬನಂತೆ ಕಲಿಯಲು ಕೂತರು. 2018ರ ಮಾರ್ಚ್‌ನಲ್ಲಿ ಅವರು ‘ಕೆಮೊನೊಮಿಚಿ’ ಎಂಬ ತಮ್ಮದೇ ಕಾರ್ಯಕ್ರಮದಲ್ಲಿ ಟೋಕಿಡೋಗೆ ಎದುರಾದರು. ಟೋಕಿಡೋ ಟೋಕಿಯೋ ವಿಶ್ವವಿದ್ಯಾಲಯದ ಪದವೀಧರ, ಹಿಂದಿನ ವರ್ಷದ ಈವೋ ಚಾಂಪಿಯನ್, ಆ ಹೊತ್ತಿಗೆ ಜಗತ್ತಿನ ಅಗ್ರ ಆಟಗಾರರಲ್ಲಿ ಒಬ್ಬರು. ಮೊದಲು ಹತ್ತು ಪಂದ್ಯ ಗೆದ್ದವನೇ ವಿಜೇತ ಎಂಬ ನಿಯಮ. ಇಷ್ಟು ದೀರ್ಘ ಕಾಳಗದಲ್ಲಿ ಅದೃಷ್ಟ ಕೈ ಹಿಡಿಯದು, ಬಚ್ಚಿಟ್ಟ ತಂತ್ರ ಎರಡು ಪಂದ್ಯಕ್ಕೇ ಖಾಲಿ. ಡೈಗೋ 10-5ರಿಂದ ಗೆದ್ದರು. ಟೋಕಿಡೋ ವೇದಿಕೆಯ ಮೇಲೇ ಅತ್ತರು.

ವಯಸ್ಸಾದರೆ ಬೆರಳು ನಿಧಾನವಾಗುತ್ತದೆ, ಇದು ಹುಡುಗರ ಆಟ ಎನ್ನುವವರಿಗೆ ಇನ್ನೊಂದು ಉತ್ತರವೂ ಇದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರ ಸೆಪ್ಟೆಂಬರ್‌ನಲ್ಲಿ, ಸ್ಟ್ರೀಟ್ ಫೈಟರ್ 5 ಪದಕದ ಆಟವಾಗಿತ್ತು. ಚಿನ್ನ ಗೆದ್ದದ್ದು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ, ವಯಸ್ಸು 44. ಭಾರತದಿಂದಲೂ ಇಬ್ಬರು ಆ ಸ್ಪರ್ಧೆಗೆ ಹೋಗಿದ್ದರು.

ನಮ್ಮಲ್ಲಿ ಈ ವಿಷಯದ ಚರ್ಚೆ ಕೆಡುವುದು ಗೇಮ್ ಎಂದ ಕೂಡಲೇ ರಮ್ಮಿ, ಬೆಟ್ಟಿಂಗ್ ನೆನಪಾಗುವುದರಿಂದ. ಆ ಭಯಕ್ಕೆ ಕಾರಣವಿದೆ. ಹಣ ಕಟ್ಟುವ ಆಟಗಳಲ್ಲಿ ಮನೆ ಮಾರಿಕೊಂಡವರನ್ನು ಎಲ್ಲ ಊರುಗಳೂ ಕಂಡಿವೆ. ಕರ್ನಾಟಕ 2021ರಲ್ಲಿ ಅವುಗಳನ್ನು ನಿಷೇಧಿಸಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು, ಮರುವರ್ಷ ಹೈಕೋರ್ಟ್ ಅದರ ಮುಖ್ಯ ಭಾಗವನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟವನ್ನು ಒಂದು ಕಡೆಗೂ ಇ-ಸ್ಪೋರ್ಟ್ಸನ್ನು ಇನ್ನೊಂದು ಕಡೆಗೂ ಇಟ್ಟು, ಮೊದಲನೆಯದನ್ನು ನಿಷೇಧಿಸಿ ಎರಡನೆಯದನ್ನು ಪ್ರೋತ್ಸಾಹಿಸುವುದಾಗಿ ಹೇಳಿದೆ. ಈ ಗೆರೆ ಕಾಗದದ ಮೇಲೆ ಬಂದದ್ದು ಒಳ್ಳೆಯದೇ. ನಮ್ಮ ಮನೆಗಳೊಳಗೆ ಅದು ಇನ್ನೂ ಬಂದಿಲ್ಲ.

ಮಗ ಓದು ಬಿಟ್ಟು ಜಾಯ್‌ಸ್ಟಿಕ್ ಹಿಡಿಯಲಿ ಎಂದು ನಾನು ಯಾರಿಗೂ ಹೇಳಲಾರೆ. ಈ ವೃತ್ತಿಯಿಂದ ಹೊಟ್ಟೆ ಹೊರೆಯುವವರು ಇಡೀ ಜಗತ್ತಿನಲ್ಲೇ ಕಡಿಮೆ. ಅವರಲ್ಲಿ ಮೊದಲಿಗನೇ ಮೂವತ್ತರ ಹತ್ತಿರದವರೆಗೆ ಬೇರೆ ಕೆಲಸ ನೋಡಬೇಕಾಯಿತು. ಆದರೆ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಇಂಥ ಆಟ ಆಡುತ್ತಿದ್ದರೆ ಬೈಯುವ ಮೊದಲು ಒಂದು ಸಂಜೆ ಪಕ್ಕದಲ್ಲಿ ಕುಳಿತು ನೋಡಿ. ಅದರಲ್ಲಿ ಹಣ ಕಟ್ಟಿದ್ದಾರೆಯೇ ಎಂದು ಕೇಳಿ. ಕಟ್ಟಿದ್ದರೆ ಅಂದೇ ನಿಲ್ಲಿಸಿ. ಕಟ್ಟಿಲ್ಲವಾದರೆ, ನಿನ್ನೆ ಯಾಕೆ ಸೋತೆ, ಇವತ್ತು ಏನು ಬದಲಿಸಿದೆ ಎಂದು ಕೇಳಿ. ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವ ಮಗು ಸಮಯ ಹಾಳುಮಾಡುತ್ತಿಲ್ಲ.